ಹದಿಮೂರನೆಯ ಕಾಲು

ಇಪ್ಪತ್ತಾರು ವರ್ಷ
ಪವಿತ್ರ ಗುರುವಾರದ ನೀರು ಕಾಯಿಸಿದವನು ನಾನೇ.
ಹಿತ್ತಾಳೆ ಬೋಗುಣಿಗೆ ಹುಣಸೆಹಣ್ಣು ತಿಕ್ಕಿ,
ಹಸುಗೂಸಿಗೆ ನೋಡುವ ಹಾಗೆ
ಮೊಣಕೈ ಅದ್ದಿ ನೋಡುತ್ತಿದ್ದೆ ಬಿಸಿ.
ಗುರುಗಳ ಕೈ ಚುರುಕ್ಕೆನ್ನಬಾರದು,
ಕೂತವರ ಕಾಲು ಬೆಚ್ಚಬಾರದು.

ಹನ್ನೆರಡು ಜನ.
ಪಟ್ಟಿ ಬರುತ್ತಿತ್ತು ಸಮಿತಿಯಿಂದ, ಮೊಹರು ಒತ್ತಿಸಿಕೊಂಡು:
ಗಂಟೆಗೋಪುರಕ್ಕೆ ಕಲ್ಲು ಹಾಕಿಸಿದ ರಾಯಪ್ಪನವರು,
ಆಲೆಮನೆ ಚೌರಪ್ಪ, ಅವರ ಷಡ್ಡಕ,
ಸಹಕಾರ ಸಂಘದ ಅರುಳಪ್ಪ ಮೇಷ್ಟ್ರು...
ಬಲಗಾಲು ಮಾತ್ರ.
ಅದನ್ನೂ ಮನೆಯಲ್ಲೇ ಸೋಪು ಹಾಕಿ ತೊಳೆದು
ಉಗುರು ಕತ್ತರಿಸಿ
ಹೊಸ ಕಾಲುಚೀಲದಲ್ಲಿ ಸುತ್ತಿ ತರುತ್ತಿದ್ದರು.
ಬೋಗುಣಿಯ ನೀರು ಹೋದ ಹಾಗೇ ಬರುತ್ತಿತ್ತು ವಾಪಸ್ಸು.
ಚರಂಡಿಗೆ ಚೆಲ್ಲಲು ಮನಸ್ಸಾಗದೆ
ಕರಿಬೇವಿನ ಬುಡಕ್ಕೆ ಹೊಯ್ಯುತ್ತಿದ್ದೆ.

ಒಂದು ವರ್ಷ ಷಡ್ಡಕ ಬರಲಿಲ್ಲ. ಹನ್ನೊಂದೇ.
ಗುರುಗಳು ಅತ್ತಿತ್ತ ನೋಡಿದರು.
ಟವಲು ಹಿಡಿದು ನಿಂತಿದ್ದವನು ನಾನು,
ಯಾವ ಧೈರ್ಯವೋ, ಒಂದು ಹೆಜ್ಜೆ ಮುಂದಿಟ್ಟೆ.
ಕಾರ್ಯದರ್ಶಿ ಮೊಣಕೈ ಹಿಡಿದರು ಮೆಲ್ಲಗೆ:
'ನೀನಲ್ಲ ಇನ್ನಾಸಿ, ಟವಲ್ ಹಿಡ್ಕೊ.'
ಯಾರದೋ ಮಗನನ್ನು ಬೈಕಿನಲ್ಲಿ ಕರೆತಂದರು.
ಅವನ ಕಾಲಲ್ಲಿ ಇನ್ನೂ ಸೋಪಿನ ನೊರೆಯಿತ್ತು.

ನಮ್ಮ ಮಂಡ್ಯದಲ್ಲಿ ಸಕ್ಕರೆ
ಮೊದಲು ಗಾಳಿಗೆ ಬರುತ್ತದೆ, ಆಮೇಲೆ ರಕ್ತಕ್ಕೆ.
ಗೊಲ್ಗೊಥಾದ ಅಲಂಕಾರಕ್ಕೆ ಹಲಗೆ ಹೊಡೆಯುವಾಗ
ಅಂಗಾಲಿಗೆ ಇಳಿದ ಮೊಳೆ ಗೊತ್ತೇ ಆಗಲಿಲ್ಲ ನನಗೆ,
ಮೂರು ದಿನ ಅದರ ಮೇಲೇ ನಡೆದೆ.
ನಾಲ್ಕನೆಯ ದಿನ ವಾಸನೆ ಹೇಳಿತು.

ದೊಡ್ಡಾಸ್ಪತ್ರೆ, ಗಂಡಸರ ವಾರ್ಡು, ಕಿಟಕಿ ಪಕ್ಕದ ಮಂಚ.
ಚರ್ಚಿನಿಂದ ಇಬ್ಬರು ಬಂದರು,
ಬ್ರೆಡ್ಡು ಕೊಟ್ಟರು, ಜಪದ ಚೀಟಿ ಕೊಟ್ಟರು,
ಕೀಲಿಗೊಂಚಲು ಇಸಕೊಂಡು ಹೋದರು.

ಮತ್ತೆ ಬಂದವಳು ಆರೋಗ್ಯಮ್ಮ.
ನೀಲಿ ಸೀರೆಯ ಆಯಾ.
ನನಗೆ ಗೊತ್ತಿದ್ದವಳೇ:
ಕೊನೆಯ ಬೆಂಚಿನಾಚೆ, ಚಪ್ಪಲಿ ಬಿಡುವಲ್ಲಿ
ಮೊಣಕಾಲೂರುತ್ತಿದ್ದವಳು.
ಕಟ್ಟಿಕೊಂಡವನು ಬಿಟ್ಟುಹೋದ ಮೇಲೆ
ಗಾಡಿ ಹೊಡೆಯುವ ಕೆಂಪಣ್ಣನ ಜೊತೆ
ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಿದವಳು.
ಆಮೇಲೆ ಅವಳಿಗೆ ಪ್ರಸಾದವಿಲ್ಲ.
ಒಂದು ಕ್ರಿಸ್ಮಸ್ ರಾತ್ರಿ ಮರೆತಳೋ, ತಡೆಯಲಾರದೆಯೋ
ಸಾಲಿನಲ್ಲಿ ಬಂದು ನಾಲಿಗೆ ಚಾಚಿದಳು.
ಗುರುಗಳು ನನ್ನ ನೋಡಿದರು.
ಅವಳ ಗದ್ದದ ಕೆಳಗಿದ್ದ ತಟ್ಟೆಯನ್ನು
ನಾನೇ ಹಿಂದಕ್ಕೆಳೆದುಕೊಂಡೆ.
ತೆರೆದ ಬಾಯಿಗೆ ಸೆರಗು ಮುಚ್ಚಿ
ತಿರುಗಿ ನಡೆದಳು ಅಷ್ಟುದ್ದದ ಕಂಬಳಿ ಹಾಸಿನ ಮೇಲೆ.

ಅವಳೀಗ ನನ್ನ ಕಾಲನ್ನು
ಹಳೇ ಪೇಪರು ಹಾಸಿದ ಮಡಿಲಿಗೆ ಎತ್ತಿಕೊಂಡಳು.
ಪಕ್ಕದ ಮಂಚದವನು ಮೂಗು ಮುಚ್ಚಿ ಗೋಡೆಗೆ ತಿರುಗಿದ.
ಬೆರಳ ಸಂದಿ ಬಿಡಿಸಿ, ಬಿಡಿಸಿ,
ಉಪ್ಪುನೀರು ಹನಿಸಿ ಒರೆಸುತ್ತ
ಟೊಮ್ಯಾಟೊ ರೇಟು ಹೇಳಿದಳು,
ನಾಲೆಗೆ ನೀರು ಬಿಟ್ಟರಂತೆ ಅಂದಳು.
'ನೋಯ್ತದಾ ಅಣ್ಣಾ?'
'ಇಲ್ಲ.'
'ನೋಯ್ಬೇಕಿತ್ತು.
ನೋಯ್ದೇ ಇದ್ರೇನೇ ಕಷ್ಟ.'

'ಆ ತಟ್ಟೆ... ಆವತ್ತು ನಾನು...' ಅಂದೆ.
'ಕಾಲು ಅಲ್ಲಾಡಿಸ್ಬೇಡಿ' ಅಂದಳು.

ಎದ್ದು ಬೇಸಿನ್ನು ಎತ್ತಿಕೊಂಡಾಗ ಕಂಡೆ:
ಕೀವು, ರಕ್ತ, ಅಂಗಾಲಿಗೆ ಮೆತ್ತಿದ್ದ ಬಲಿಪೀಠದ ಮೇಣ.
ಈ ನೀರು ಹೋದ ಹಾಗೇ ಬಂದಿರಲಿಲ್ಲ.
ಗುರುವಾರವೆಂದು ಹೊಳೆದದ್ದು ಆಗಲೇ,
ಅದೂ ದೂರದ ಗಂಟೆ ಕೇಳಿ.
ಅವಳಿಗೆ ಕೇಳಿಸಿತೋ ಇಲ್ಲವೋ, ಇನ್ನೂ ಆರು ಮಂಚ ಬಾಕಿಯಿತ್ತು.

ಫೋನು ಬಂತು. ಹೊಸ ಹುಡುಗ, ಗಾಬರಿಯಲ್ಲಿ:
'ಬೋಗುಣಿ ಎಲ್ಲಿಟ್ಟಿದೀರ? ನೀರು ಎಷ್ಟು ಕಾಯಿಸ್ಬೇಕು?'
ಕಪಾಟಿನ ಕೆಳಗಿದೆ, ಹುಣಸೆಹಣ್ಣು ತಿಕ್ಕು ಅಂದೆ.
ನೀರು, ಅಂದೆ,
ಈ ಸಲ ಸ್ವಲ್ಪ ಚುರುಕ್ಕೆನ್ನಲಿ.