ಹತ್ತಿ ನೆನೆಯುವಷ್ಟು ಹೊತ್ತು

ಸ್ವಾನ್ಸೀಯ ಬಸ್ ನಿಲ್ದಾಣದ ಹಿಂದೆ,
ಕೀಲಿ ಮಾಡುವವನಿಗೂ ಮೀನು ಕರಿಯುವವನಿಗೂ ನಡುವೆ
ನನ್ನ ಅಂಗಡಿ. ಒಂಬತ್ತಡಿ ಅಗಲ.
ಮುಂಚೆ ಇಲ್ಲಿ ಉಣ್ಣೆ ಮಾರುತ್ತಿದ್ದರು;
ಮಳೆ ಬಂದ ದಿನ ಗೋಡೆ ಈಗಲೂ
ಕುರಿಯ ಹಾಗೆ ನಾರುತ್ತದೆ,
ಮಾವು, ಪುದೀನ, ಕಸ್ಟರ್ಡುಗಳನ್ನೆಲ್ಲ ಮೀರಿ.

ಬರುವವರಿಗೆ ದೊಡ್ಡ ಪ್ರಶ್ನೆಗಳಿಲ್ಲ.
ಸಾವು, ಶ್ವಾಸಕೋಶ, ಮುಂದಿನ ಇಪ್ಪತ್ತು ವರ್ಷ,
ಅದನ್ನೆಲ್ಲ ಹೊರಗೇ ಬಿಟ್ಟು ಬರುತ್ತಾರೆ, ಒದ್ದೆ ಕೊಡೆಯ ಹಾಗೆ.
ಸೋರುತ್ತಿದೆ, ಅನ್ನುತ್ತಾರೆ. ಜೇಬೆಲ್ಲ ಅಂಟು.
ಎಳೆದರೆ ಗುಳುಗುಳು ಅನ್ನುತ್ತೆ.
ವಿಮಾನದಲ್ಲಿ ಎಲ್ಲಿಡಲಿ?
ಕೈಚೀಲದಲ್ಲಿ, ಹೆಫಿನ್, ದೊಡ್ಡ ಪೆಟ್ಟಿಗೆಯಲ್ಲಿ ಬೇಡ.
ಟ್ಯಾಂಕು ಖಾಲಿ ಮಾಡಿಕೊಂಡು ಹೋಗು;
ಮೇಲೇರಿದಾಗ ಅದಕ್ಕೂ ಕಿವಿ ಕಟ್ಟುತ್ತೆ,
ಪಾಪ ಆಕಳಿಸಲಾರದು, ಕಾರುತ್ತೆ.
ಬಿಡಿ ಬ್ಯಾಟರಿಯನ್ನು ಕೀಲಿಗೊಂಚಲ ಜೊತೆ ಹಾಕಬೇಡ ಅಂತ
ಎಷ್ಟು ಸಲ ಹೇಳಲಿ? ಸುಡುವುದು ನಿನ್ನ ತೊಡೆ.

ಬೆಂಕಿಯಿಲ್ಲದೆ ಹೊಗೆಯಾಡದು ಎಂದವರು
ಈ ಬೀದಿಗೆ ಬಂದಿರಲಿಲ್ಲ.

ಡಿಲಿಸ್ ಬಸ್ಸು ಓಡಿಸುವವಳು.
ಹನ್ನೆರಡರಿಂದ ಆರಕ್ಕಿಳಿದು, ಆರರಿಂದ ಮೂರಕ್ಕಿಳಿದು
ಈಗ ಎದ್ದಾಗಿನಿಂದ ಮಲಗುವ ತನಕ ಸೇದುತ್ತಾಳಂತೆ.
"ಮೆಟ್ಟಿಲು ಇಳಿದೆ ಅಂದ್ಕೊಂಡೆ,
ಮೆಟ್ಟಿಲೇ ಉದ್ದ ಆಯ್ತು ನೋಡು."
ಮತ್ತೆ ಆರಕ್ಕೇ ಹೋಗು, ನಾಚಿಕೆ ಯಾಕೆ, ಎಂದೆ.
ಹದಿನೈದರ ಮಗನ ಶಾಲೆಚೀಲದಲ್ಲಿ
ಕಲ್ಲಂಗಡಿ ಬಣ್ಣದ್ದೊಂದು ಸಿಕ್ಕಿತಂತೆ.
ನಿನ್ನಲ್ಲೇ ಕೊಂಡನಾ?
ಇಲ್ಲ ಎಂದೆ. ನಿಜವನ್ನೇ ಹೇಳಿದೆ.
ಆದರೂ ಅವಳು ಹೋದಮೇಲೆ
ಕಲ್ಲಂಗಡಿ ಸಾಲನ್ನು ಕೆಳಗಿನ ಅರೆಗೆ ಇಳಿಸಿದೆ.
ಅದರಿಂದ ಏನಾಯಿತೋ ಗೊತ್ತಿಲ್ಲ.

ಗುರುವಾರ, ಮುಚ್ಚುವ ಹೊತ್ತಿಗೆ, ಬ್ರಾನ್ವೆನ್ ಬಂದಳು.
ಎಮ್ರಿಸನ ಯಂತ್ರವನ್ನು ಕೌಂಟರಿನ ಮೇಲಿಟ್ಟಳು.
ನನಗೆ ಗುರುತು: ಬದಿಗೆ ಸುತ್ತಿದ ಕೆಂಪು ಟೇಪು,
ಅವನ ಹೆಬ್ಬೆರಳು ಸವೆಸಿದ ಬಟನ್ನು.
ಫೆಬ್ರವರಿಯಲ್ಲಿ ಅವನ ಮಣ್ಣಿಗೆ ಹೋಗಿದ್ದೆ.
"ಸುಟ್ಟ ವಾಸನೆ ಬರ್ತಿದೆ," ಅಂದಳು.
ನೀವು ಸೇದುತ್ತೀರಾ ಎಂದು ಕೇಳಲಿಲ್ಲ.
ಬಿಚ್ಚಿದೆ. ಕಾಯಿಲು ಕರಕಲು; ಒಳಗಿನ ಹತ್ತಿ
ಎಣ್ಣೆ ತೀರಿದ ಬತ್ತಿಯ ತುದಿ.
ಟ್ಯಾಂಕಿನ ತಳದಲ್ಲಿ ಜೇನುಬಣ್ಣದ ಎರಡು ಹನಿ.
"ಅದನ್ನ ಒರೆಸಬೇಡ."

ಒರೆಸಲಿಲ್ಲ. ಅದರ ಮೇಲೇ ರಸ ತುಂಬಿಸಿ,
ಹತ್ತು ನಿಮಿಷ ಕಾಯಬೇಕು ಎಂದೆ, ಹತ್ತಿ ನೆನೆಯಬೇಕು;
ಒಣಗಿದ್ದಾಗಲೇ ಉರಿಸಿದರೆ ಮತ್ತೆ ಅದೇ ಕಥೆ.
ಕೂತಳು. ಪಕ್ಕದಲ್ಲಿ ಕೀಲಿಯವನು ಷಟರು ಎಳೆದ.
ನಾಲ್ಕನೆಯ ನಿಮಿಷಕ್ಕೆ ಕೇಳಿದಳು:
"ಒಳಗೆ ಎಳ್ಕೊಳ್ಳದೆ ಆವಿ ಬರಿಸೋದು ಹೇಗೆ?
ನಂಗೆ ಸೇದೋದು ಬೇಡ.
ಸಂಜೆ ಆರಕ್ಕೆ, ವಾರ್ತೆ ಶುರುವಾಗುವಾಗ,
ಆ ಕುರ್ಚಿ ಹತ್ತಿರ ಒಂಚೂರು. ಅಷ್ಟೇ.
ಮೊದಲು ಪೈಪು, ಆಮೇಲೆ ಸಿಗರೇಟು, ಆಮೇಲೆ ಇದು,
ನಲವತ್ತು ವರ್ಷ ಬೈದಿದ್ದೀನಿ, ಪರದೆಗೆ ಅಂಟುತ್ತೆ ಅಂತ."

ಇಂಥದಕ್ಕೂ ನನ್ನಲ್ಲಿ ಉತ್ತರವಿತ್ತು, ಅದೇ ವಿಚಿತ್ರ.
ನಿಕೋಟಿನ್ ಇಲ್ಲದ್ದೂ ಇದೆ, ಅದೇ ಲವಂಗ, ಅದೇ ಸೇಬು;
ಅದನ್ನೇ ತುಂಬಿದ್ದೇನೆ.
ಬಾಯಲ್ಲಷ್ಟೇ ಹಿಡಿದು, ಗಂಟಲಿಗಿಳಿಸದೆ ಊದಿಬಿಡಿ,
ಬಿಸಿ ಚಹಾ ಆರಿಸುವ ಹಾಗೆ.
ಕಿಟಕಿ ಮುಚ್ಚಿರಲಿ. ಬಾಟಲಿ ಕತ್ತಲಲ್ಲಿರಲಿ.
"ಎಷ್ಟು ದಿನ ಬರುತ್ತೆ?"
ಮುಚ್ಚಳ ತೆಗೆದ ಮೇಲೆ ಆರು ತಿಂಗಳು ಅಂತಿಟ್ಟುಕೊಳ್ಳಿ.
"ಅಲ್ಲ," ಅಂದಳು. ಮುಂದೆ ಹೇಳಲಿಲ್ಲ.

ಹತ್ತಾಯಿತು, ಹನ್ನೆರಡಾಯಿತು.
ಕಾಯಿಲಿನ ದುಡ್ಡು ತೆಗೆದುಕೊಂಡೆ.
ಬೇಡವೆಂದಿದ್ದರೆ ಮತ್ತೆ ಬರುತ್ತಿರಲಿಲ್ಲ.
ಬಾಗಿಲಲ್ಲಿ ನಿಂತು, ಕೈಚೀಲದ ಬಾಯಿ ಹಾಕುತ್ತ,
"ನಿಜ ಹೇಳು, ಪರದೆಗೆ ಅಂಟುತ್ತಾ?"

ಅಂಟುತ್ತೆ, ಸ್ವಲ್ಪ.

"ಗೊತ್ತಿತ್ತು ನಂಗೆ," ಅಂದಳು,
ಗೆದ್ದವಳ ಹಾಗೆ.