ಬಣ್ಣ ತೀರಿದ ಕಡೆ

ರಿಯೆಕಾ ಬಂದರಿನ ಹಳೇ ಹಗ್ಗದ ಕಾರ್ಖಾನೆ
ಈಗ ಚಿತ್ರಶಾಲೆ.
ಮೂರನೇ ಕೋಣೆ ನನ್ನದು. ಅಂದರೆ ಅದರ ಕುರ್ಚಿ ನನ್ನದು,
ಮತ್ತು ಮಂಡಿನೋವು.
ಎದುರಿಗೆ ಗೋಡೆಯಗಲದ ಒಂದು ಬೂದು,
ಬೂದಿನ ಮೇಲೆ ಎಡದಿಂದ ಬಲಕ್ಕೆ
ಒಂದೇ ಒಂದು ಕೆಂಪು ಗೆರೆ. ಡೊಂಕು.
ಪಕ್ಕದ ಚೀಟಿಯಲ್ಲಿ: ‘ಹೆಸರಿಲ್ಲ, ಹನ್ನೊಂದು.’

ಒಂಬತ್ತು ವರ್ಷದಿಂದ ಕೇಳುತ್ತಿದ್ದೇನೆ,
ಬಂದವರ ಭಾಷೆ ಯಾವುದಾದರೂ ಅದೇ ಮಾತು:
ನನ್ನ ಮಗುವೂ ಬರೆದೀತು.
ಮಗು ಮಾತ್ರ ಯಾವತ್ತೂ ಹಾಗೆಂದದ್ದಿಲ್ಲ;
ಮಗು ಕೇಳುವುದು, ಉಚ್ಚೆಗೆ ಎಲ್ಲಿ ಹೋಗಬೇಕು ಎಂದು.

ವೆಲಿಮಿರ್ ಬಂದದ್ದು ಒಂದು ಮಂಗಳವಾರ,
ಬಿಟ್ಟಿ ಪ್ರವೇಶದ ದಿನ.
ನಲವತ್ತೊಂದು ವರ್ಷ ಹಡಗುಗಳ ಮೂತಿಯ ಮೇಲೆ
ಹೆಸರು ಬರೆದವನು,
ಹಗ್ಗದ ಹಲಗೆಯಲ್ಲಿ ತೂಗುತ್ತ, ಕೆಳಗೆ ನೀರು,
ಆಳೆತ್ತರದ ಅಕ್ಷರ, ಅಳತೆಪಟ್ಟಿ ಇಲ್ಲದೆ.
ಬೂರಾ ಗಾಳಿ ಬೀಸಿದರೂ ಅವನ ಗೆರೆ ಅಲುಗದು ಎಂದು
ಬಂದರಿನವರು ಹೇಳುತ್ತಿದ್ದರು;
ಅವನೂ ಹೇಳುತ್ತಿದ್ದ.

‘ಇದಕ್ಕೆ ಎಷ್ಟು ಕೊಟ್ಟರು?’
ಹೇಳಿದೆ.
ಟೋಪಿ ತೆಗೆದ, ಸಾವಿನ ಮನೆಯಲ್ಲಿ ತೆಗೆಯುವ ಹಾಗೆ.
‘ಕೈ ನಡುಗುವವನ ಗೆರೆ ಇದು, ನೆವೆಂಕಾ.
ನನ್ನ ಹತ್ತಿರ ಕಲಿಯಲು ಬಂದಿದ್ದರೆ
ಮೊದಲ ದಿನವೇ ತುಕ್ಕು ಕೆರೆಯಲು ಕಳಿಸುತ್ತಿದ್ದೆ.’

ನಾನೇನು ಬಲ್ಲೆ. ಇಷ್ಟೇ ಹೇಳಿದೆ:
ಬೆಳಗ್ಗೆ ಅದು ನನಗೆ ಇಷ್ಟ.
ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಕಂಡರಾಗದು.
ರಾತ್ರಿ ದೀಪ ಆರಿಸುವಾಗ ಏನೋ ಸಂಕೋಚ,
ಯಾರೋ ಇನ್ನೂ ಮಾತು ಮುಗಿಸಿರದ ಹಾಗೆ.

‘ಅದು ಕಸುಬಲ್ಲ,’ ಅಂದ, ‘ನಿನ್ನ ಒಂಟಿತನ.’
ಇರಬಹುದು.
ಆದರೆ ಪಕ್ಕದ ಗೋಡೆಯಲ್ಲಿ ಸೇಬಿನ ಚಿತ್ರವಿದೆ,
ಕೂತ ನೊಣದ ಕಾಲು ಕೂಡ ಎಣಿಸಬಹುದು.
ಅದರ ಮುಂದೆ, ಒಂಬತ್ತು ವರ್ಷದಲ್ಲಿ,
ಒಮ್ಮೆಯೂ ನಾನು ಒಂಟಿಯಾಗಲಿಲ್ಲ.

‘ಹಾಗಾದರೆ ನೀನೇ ಒಂದು ಬರೆದು ತಾ,’ ಅಂದೆ, ತಮಾಷೆಗೆ.
ಅವನು ತಮಾಷೆ ತಿಳಿಯದವನು.

ದೋಣಿಮನೆಯಲ್ಲಿ ಹಳೇ ಬಾಗಿಲನ್ನು ಅಡ್ಡ ಮಲಗಿಸಿ,
ಬೂದು ಬಳಿದು, ಒಣಗಿಸಿ, ಕುಂಚ ಅದ್ದಿ ಎಳೆದ.
ಗೆರೆ ನೆಟ್ಟಗೆ ಬಂತು.
ಒರೆಸಿದ. ಮತ್ತೆ ನೆಟ್ಟಗೆ.
ಕಣ್ಣು ಮುಚ್ಚಿದ. ನೆಟ್ಟಗೆ.
ಎಡಗೈಗೆ ಕೊಟ್ಟ. ಡೊಂಕೇನೋ ಆಯಿತು,
ಆದರೆ ಕುಂಟನನ್ನು ಅಣಕಿಸುವ ಹುಡುಗನ
ನಡಿಗೆಯ ಡೊಂಕು.
ಸಾರಾಯಿ ಇಳಿಸಿ ಬಂದ ಮೇಲೆ ಇನ್ನಷ್ಟು ನೆಟ್ಟಗೆ.
ನಾಯಿಬಾಲಕ್ಕೆ ದಬ್ಬೆ ಕಟ್ಟಿದ ಕತೆ ಗೊತ್ತಲ್ಲ,
ಇದು ಅದರ ತಿರುಗುಮುರುಗು:
ನಲವತ್ತೊಂದು ವರ್ಷದ ದಬ್ಬೆ
ಬಿಚ್ಚಿ ಎಸೆದರೂ
ಬಾಲ ಬಾಗಲೊಲ್ಲದು.

ಇದನ್ನೆಲ್ಲ ಅವನು ಹೇಳಲಿಲ್ಲ.
ಮೀನಿನ ಕಟ್ಟೆಯಲ್ಲಿ ಅವನ ತಂಗಿ ಹೇಳಿದಳು.
ಹದಿನೇಳು ಸಾರಿ ಬಳಿದನಂತೆ,
ಬಾಗಿಲು ಬೆರಳು ದಪ್ಪ ಊದಿದೆಯಂತೆ.

ಮತ್ತೊಂದು ಮಂಗಳವಾರ ಬಂದ.
ಟೋಪಿ ತೆಗೆಯಲಿಲ್ಲ. ಮಾತಿಲ್ಲ.
ಗೆರೆಗೆ ಮೂಗು ತಾಗುವಷ್ಟು ಹತ್ತಿರ ನಿಂತ;
‘ಹಿಂದೆ ಸರಿಯಿರಿ’ ಎನ್ನುವುದು ನನ್ನ ಕೆಲಸ,
ಎನ್ನಲಿಲ್ಲ.
ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆಯಿಟ್ಟು
ಎಡದಿಂದ ಬಲಕ್ಕೆ ಗೆರೆಯ ಜೊತೆಗೇ ನಡೆದ.
ಮುಕ್ಕಾಲು ದಾರಿಯಲ್ಲಿ ನಿಂತುಬಿಟ್ಟ.

‘ಇಲ್ಲಿ ಅವನಿಗೆ ಬಣ್ಣ ತೀರಿತು, ನೋಡು.
ಕುಂಚದ ಕೂದಲು ಕಾಣುತ್ತದೆ.
ಇಲ್ಲಿಂದಾಚೆ ಬರೇ ಕೈ ಎಳೆದಿದ್ದಾನೆ.’
‘ಅವಳು,’ ಅಂದೆ.
‘ಅವಳು,’ ಅಂದ.
ಆಮೇಲೆ ತುಂಬ ಹೊತ್ತಿನ ಮೇಲೆ:
‘ನಾನಾಗಿದ್ದರೆ ಮತ್ತೆ ಅದ್ದುತ್ತಿದ್ದೆ.’

ಹೊಗಳಿದನೋ ತೆಗಳಿದನೋ ಈಗಲೂ ಗೊತ್ತಿಲ್ಲ.
ಬಾಗಿಲ ಬಳಿ ತಿರುಗಿ, ಬೆಲೆ ಮಾತ್ರ ಹೆಚ್ಚಾಯಿತು, ಎಂದ.

ಗಂಟೆ ಮೂರೂಕಾಲು.
ಅದು ನನಗೆ ಕಂಡರಾಗದ ಹೊತ್ತು.
ಕುರ್ಚಿ ಎಳೆದುಕೊಂಡೆ,
ಆ ಒಣ ಜಾಗದ ಎದುರಿಗೆ.