ಎರಡನೇ ಕಿಟಕಿ

ವಾಗ ವಾಗ ಊರಿನ ಹೆದ್ದಾರಿ ಬದಿ
ಬರ್ಗರಿನಂಗಡಿಯ ಎರಡನೇ ಕಿಟಕಿ ನನ್ನದು.
ಎದೆಯ ಮೇಲಿನ ಬಿಲ್ಲೆಯಲ್ಲಿ ಮ್ಯಾಂಡಿ;
ಅಷ್ಟು ಕಿರಿದರಲ್ಲಿ ಮಂದಾಕಿನಿ ಹರಿಯಲಿಲ್ಲ.

ಮಕ್ಕಳ ಡಬ್ಬಿ ಬೇಕೆಂದರೆ ನಾನು ಕೇಳಲೇಬೇಕು:
ಗಂಡೋ, ಹೆಣ್ಣೋ?
ಗಂಡಾದರೆ ಜೆಸಿಬಿ,
ಹೆಣ್ಣಾದರೆ ಬಾಲ ಬಾಚಬಹುದಾದ ಕುದುರೆಮರಿ.
ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತ ಅತ್ತೆಯ ಹಾಗೆ
ದಿನಕ್ಕೆ ನೂರು ಸಲ, ಹೆಡ್‌ಸೆಟ್ಟಿನಲ್ಲಿ.

ಇವತ್ತು ಸಂಜೆ ಕೆಸರು ಮೆತ್ತಿದ ಪಿಕಪ್ ಬಂತು,
ಕುರಿ ಉಣ್ಣೆಯ ವಾಸನೆ.
ಅಪ್ಪ "ಹೆಣ್ಣು" ಅಂದಿದ್ದ. ಕುದುರೆ ಕೊಟ್ಟೆ.
ಹಿಂದಿನ ಸೀಟಿನಿಂದ ದನಿ:
"ಅದು ಅಗೆಯುತ್ತಾ?"

ಇಲ್ಲ ಕಂದಾ, ಅದಕ್ಕೆ ಬಾಚಣಿಗೆ ಇದೆ.
ಅಪ್ಪ ನನ್ನ ನೋಡಿದ, ನಾನು ಹಿಂದಿನ ಕಾರುಗಳ ನೋಡಿದೆ,
ಗೋಡೆಯ ಗಡಿಯಾರ ಕೆಂಪಾಗಿ ನನ್ನನ್ನೇ ನೋಡಿತು.
ತೊಂಬತ್ತು ಸೆಕೆಂಡು ದಾಟಿದರೆ ಲೊರೇನ್ ಬರುತ್ತಾಳೆ.

ನನ್ನ ಭಾಷೆಯಲ್ಲಿ ಮಗು ಬಂತು, ಮಗು ಅತ್ತಿತು,
ಮಗು ಮಲಗಿತು.
ಅವನೋ ಅವಳೋ ಆಗುವ ಮೊದಲು
ಎಷ್ಟೋ ದಿನ ಬರೀ ಅದು,
ಬಿಸಿಲಿನ ಹಾಗೆ, ಕರುವಿನ ಹಾಗೆ.
ಇದನ್ನೇ ಇಂಗ್ಲಿಷಿನಲ್ಲಿ ಹೇಳಿದರೆ ಬೈಗುಳ.

ಸಾಸಿನ ಪೊಟ್ಟಣಗಳ ಕೆಳಗೆ ಜೆಸಿಬಿಯನ್ನೂ ತುರುಕಿದೆ.
"ಎರಡು ಬಂದಿದೆಯಲ್ಲ," ಅಂದ, ಪಾಪ, ಪ್ರಾಮಾಣಿಕ.
"ನನಗೆ ಎಣಿಕೆ ಬರೋಲ್ಲ," ಅಂದೆ.

ತಿರುವಿನಲ್ಲಿ ಗಾಡಿ ನಿಧಾನಿಸಿದಾಗ
ಗಾಜಿನಾಚೆ ಕಂಡದ್ದಿಷ್ಟು:
ಹಳದಿ ಸೊಂಡಿಲೊಂದು
ಕುದುರೆಯನ್ನು ಮೆಲ್ಲಗೆ ಮೇಲೆತ್ತುತ್ತಿದೆ.

ಕಿವಿಯಲ್ಲಿ ಆಗಲೇ ಮುಂದಿನವರು,
ಮಕ್ಕಳ ಡಬ್ಬಿ ಒಂದು.
ಕೇಳಿದೆ:
ಅಗೆಯುವುದೋ, ಬಾಚುವುದೋ?